ಉಪ್ಪಿಲ್ಲದ ಶ್ರಾವಣ ಮತ್ತು ನನ್ನ ಅರ್ಧ ಮಾತ್ರೆ

ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯಲ್ಲಿ ಮಾತ್ರೆ ಒತ್ತುವ ಯಂತ್ರದ ಮುಂದೆ ನಿಂತು ನಿಂತೇ ನಿವೃತ್ತನಾದವನು ನಾನು. ನಾನು ಒತ್ತಿದ ಮಾತ್ರೆ ನುಂಗದ ಮನೆ ಹೈದರಾಬಾದಿನಲ್ಲೇ ಇಲ್ಲ ಎಂದು ಹೇಳಿಕೊಳ್ಳುತ್ತೇನೆ. ನನ್ನ ಹೆಂಡತಿ ಅದರಲ್ಲಿ ಅರ್ಧ ಕಳೆದು ಉಳಿದದ್ದನ್ನು ನಂಬುತ್ತಾಳೆ. ಅಷ್ಟು ವರ್ಷ ಬೇರೆಯವರ ಮಾತ್ರೆಯ ತೂಕ ನೋಡಿದವನಿಗೆ ತನ್ನ ಮಾತ್ರೆಯ ತೂಕ ಸರಿಯಾಗಿ ಸಿಗಲು ವರ್ಷದ ಮೇಲಾಯಿತು.

ಮೊದಲು ನನ್ನ ಬಗ್ಗೆ ಸ್ವಲ್ಪ ಕೊಚ್ಚಿಕೊಳ್ಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನಷ್ಟು ಕಿತಾಪತಿಯ ಮುದುಕ ಇನ್ನೊಬ್ಬನಿಲ್ಲ. 'ಇವತ್ತು ಲಿಫ್ಟು ಮೇಲಕ್ಕೆ ಮಾತ್ರ ಹೋಗುತ್ತದೆ, ಇಳಿಯುವವರು ಮೆಟ್ಟಿಲು ಬಳಸಿ' ಎಂದು ತೆಲುಗಿನಲ್ಲಿ ಚೀಟಿ ಬರೆದು ಅಂಟಿಸಿದವನು ನಾನೇ. ಮೇಲಿನ ಮಹಡಿಯ ಬ್ಯಾಂಕ್ ಮ್ಯಾನೇಜರು ಬ್ಯಾಗು ಹೊತ್ತು ಮೆಟ್ಟಿಲಿಳಿದು ಏದುಸಿರು ಬಿಡುತ್ತ ಬಂದಾಗ ಕೆಳಗೆ ಕುರ್ಚಿ ಹಾಕಿಕೊಂಡು ಕೂತು ನೋಡಿದವನೂ ನಾನೇ. ಕಾರ್ಖಾನೆಯ ಬಸ್ಸಿನಲ್ಲಿ ನಿದ್ದೆಹೋದವರ ಚಪ್ಪಲಿಗಳನ್ನು ಒಂದೊಂದು ಕಾಲಿನದು ಅದಲುಬದಲು ಮಾಡಿಟ್ಟು, ಗೇಟಿನಲ್ಲಿ ಎಲ್ಲರೂ ಜೋಡಿ ಹುಡುಕುವ ಚಂದ ನೋಡಿದ್ದೇನೆ.

ಈ ವಿದ್ಯೆಯಲ್ಲಿ ಒಂದು ಶಿಸ್ತಿದೆ. ಮಾಡಿದ ಮೇಲೆ ಎದುರಿನವರ ಮುಖ ನೋಡಬೇಕು. ಅವರು ಬೈದು, ಆಮೇಲೆ ತುಟಿ ಕಚ್ಚಿ, ಕೊನೆಗೆ ನಗುವವರೆಗೆ ಕಾಯಬೇಕು. ಕಾಯದವನು ಕಿತಾಪತಿ ಮಾಡುವವನಲ್ಲ, ಬರೀ ಕಿರಿಕಿರಿ ಮಾಡುವವನು.

ನಿವೃತ್ತನಾದ ವರ್ಷದ ಬೇಸಿಗೆಯಲ್ಲಿ ನನಗೆ ನಿದ್ದೆ ಬೇಡವಾಯಿತು. ಬರಲಿಲ್ಲ ಅಂತಲ್ಲ, ಬೇಕಾಗಲೇ ಇಲ್ಲ. ಮೈಯಲ್ಲಿ ಹತ್ತು ಆಳಿನ ಕಸುವು. ಆ ಕಸುವಿನಲ್ಲಿ ಒಂದು ದಿನ ಟೆಂಟ್ ಹೌಸಿನವರನ್ನು ಕರೆಸಿ ಪಾರ್ಕಿಂಗ್‌ನಲ್ಲಿ ಶಾಮಿಯಾನ ಹಾಕಿಸಿದೆ. ಬ್ಯಾಂಡಿನವರಿಗೂ ಅಡುಗೆಯವರಿಗೂ ಹೇಳಿದೆ. ಮನೆಮನೆಗೆ ಹೋಗಿ ಮದುವೆಗೆ ಕರೆದೆ. ವರ ನಾನು, ವಧು ಮೂವತ್ತು ವರ್ಷದಿಂದ ನನ್ನ ಜೊತೆಗಿರುವ ನನ್ನ ಹೆಂಡತಿ. ಅಪಾರ್ಟ್‌ಮೆಂಟ್ ಪೂರ್ತಿ ಬಿದ್ದು ಬಿದ್ದು ನಕ್ಕಿತು. ಹೆಂಡತಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು, ಅವಳ ನಗು ನಿಂತಿತು.

"ಎಲ್ಲಾರೂ ನಗಾಕತ್ತಾರ," ಅಂದಳು. "ನೀವ್ಯಾಕ್ರೀ ಯಾರ ಮಾರಿನೂ ನೋಡವಲ್ರಿ?"

ನಾನು ಆಗ ಬ್ಯಾಂಡಿನವನ ಜೊತೆ ಆನೆಯ ವಿಷಯಕ್ಕೆ ಜಗಳದಲ್ಲಿದ್ದೆ. ಮೆರವಣಿಗೆಗೆ ಆನೆ ತರಿಸುವುದು ಅವನ ಕೆಲಸ ಎಂದು ನನ್ನ ವಾದ. ಸಂಜೆಯ ಹೊತ್ತಿಗೆ ನಾನು ಗಚ್ಚಿಬೌಲಿಯ ಒಂದು ಆಸ್ಪತ್ರೆಯಲ್ಲಿದ್ದೆ.

ಅಲ್ಲಿಯ ಮನೋರೋಗದ ಡಾಕ್ಟರು ಮೈಸೂರು ಕಡೆಯ ಹುಡುಗಿ. ನಾವು ಹರುಕುಮುರುಕು ಹಿಂದಿ ಶುರು ಮಾಡಿದ್ದು ಕೇಳಿ ಅವಳೇ ಕನ್ನಡಕ್ಕೆ ಬಂದಳು. ಇದಕ್ಕೆ ಬೈಪೋಲಾರ್ ಅನ್ನುತ್ತಾರೆ, ಮನಸ್ಸು ಒಮ್ಮೆ ವಿಪರೀತ ಮೇಲೆ ಹೋಗುತ್ತದೆ, ಒಮ್ಮೆ ವಿಪರೀತ ಕೆಳಗೆ ಬೀಳುತ್ತದೆ ಎಂದು ತಿಳಿಸಿದಳು. ಕೆಳಗೆ ಬಿದ್ದದ್ದೂ ನೆನಪಾಯಿತು. ಹಿಂದೊಮ್ಮೆ ತಿಂಗಳುಗಟ್ಟಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ, ಮನೆಯಲ್ಲಿ ಎಲ್ಲರೂ ಪಿತ್ತವೆಂದು ಜೀರಿಗೆ ಕಷಾಯ ಕುಡಿಸಿದ್ದರು. ಈಗ ಲಿಥಿಯಂ ಮಾತ್ರೆ ಶುರುವಾಯಿತು. ಹೆಚ್ಚಾದರೆ ಅದೇ ವಿಷ, ಕಡಿಮೆಯಾದರೆ ಕೆಲಸ ಮಾಡದು, ಆದ್ದರಿಂದ ಆಗಾಗ ರಕ್ತ ಕೊಟ್ಟು ಪ್ರಮಾಣ ನೋಡುತ್ತಿರಬೇಕು. ನೀರು ಚೆನ್ನಾಗಿ ಕುಡಿಯಿರಿ, ಊಟ ಉಪ್ಪು ಯಾವುದನ್ನೂ ಒಮ್ಮೆಲೇ ಬದಲಾಯಿಸಬೇಡಿ ಎಂದಳು. ನಾವಿಬ್ಬರೂ ತಲೆಯಾಡಿಸಿದೆವು.

ಆಮೇಲೆ ನನ್ನ ಹೆಂಡತಿಯನ್ನು ಕೇಳಿದಳು, "ಇವ್ರು ಮಾಮೂಲಿಯಾಗಿ ಹೇಗಿರ್ತಾರಮ್ಮಾ? ಎಲ್ಲಿಗೆ ತಂದು ನಿಲ್ಲಿಸ್ಬೇಕು ಅಂತ ನಂಗೆ ಗೊತ್ತಾಗ್ಬೇಕಲ್ವಾ?"

"ಮಾಮೂಲಿ ಇದ್ದಾಗೂ ಹಿಂಗೇ ಇರ್ತಾರ್ರಿ," ಅಂದಳು ಇವಳು. ಸ್ವಲ್ಪ ಯೋಚಿಸಿ, "ಆದ್ರ ಆವಾಗ ಕಿತಾಪತಿ ಮಾಡಿ ನನ್ನ ಮಾರಿ ನೋಡ್ತಾರ್ರಿ. ನಾ ನಗೂತನಕ ಬಿಡೂದಿಲ್ಲ," ಅಂದಳು.

"ಹಾಗಾದ್ರೆ ಅದನ್ನೇ ನೋಡ್ತಿರಿ," ಅಂದಳು ಡಾಕ್ಟರು.

ಮೊದಲ ಪ್ರಮಾಣ ನನ್ನನ್ನು ಆಕಾಶದಿಂದ ಇಳಿಸಿತು, ನೆಲದ ಮೇಲೆ ನಿಲ್ಲಿಸದೆ ಇನ್ನೂ ಕೆಳಗೆ ಒಯ್ದಿತು. ಬಾಯಾರಿಕೆ, ಬೆರಳಲ್ಲಿ ಸಣ್ಣ ನಡುಕ, ಮತ್ತು ತಲೆಯೊಳಗೆ ಯಾರೋ ಪರದೆ ಎಳೆದಂತೆ. ಬ್ಯಾಂಕ್ ಮ್ಯಾನೇಜರು ಲಿಫ್ಟಿನ ಮುಂದೆ ಅನುಮಾನದಿಂದ ನಿಂತು ಚೀಟಿ ಹುಡುಕುತ್ತಿದ್ದರು. ನನಗೆ ಏನೂ ಹೊಳೆಯುತ್ತಿರಲಿಲ್ಲ. ಅವರು ನನ್ನನ್ನು ನೋಡಿ ಮರುಗಿದರು, ಅದಕ್ಕಿಂತ ದೊಡ್ಡ ಅವಮಾನ ನನ್ನ ಜನ್ಮದಲ್ಲಿ ಆಗಿಲ್ಲ. ಮುಂದಿನ ಭೇಟಿಯಲ್ಲಿ ಹೆಂಡತಿ ಡಾಕ್ಟರ ಮುಂದೆ, "ಯಾರೋ ಬಾಡಿಗಿಗೆ ಬಂದು ಇದ್ದಂಗ ಅದಾರ್ರಿ. ಭಾಳ ಸಭ್ಯ ಮನಷಾ. ನನಗ ಬ್ಯಾಡ್ರಿ," ಅಂದಳು.

ಡಾಕ್ಟರು ಅರ್ಧ ಮಾತ್ರೆ ಕಡಿಮೆ ಮಾಡಿದಳು. ಇಲ್ಲಿ ನನ್ನ ಪಾಂಡಿತ್ಯ ಕೆಲಸಕ್ಕೆ ಬಂತು. ನಡುವೆ ಗೀಟಿರುವ ಮಾತ್ರೆಯನ್ನು ಮಾತ್ರ ಮುರಿಯಬಹುದು, ನಿಧಾನಕ್ಕೆ ಕರಗಲೆಂದು ಮಾಡಿದ್ದನ್ನು ಪುಡಿ ಮಾಡಬಾರದು, ಆ ಗೀಟು ಬೀಳುವುದು ಯಂತ್ರದ ಯಾವ ಅಚ್ಚಿನಿಂದ ಎಂದು ಅವಳಿಗೆ ಪಾಠ ಹೇಳಿದೆ. ಹೊರಗೆ ರೋಗಿಗಳು ಕಾಯುತ್ತಿದ್ದರೂ ಅವಳು ಪೂರ್ತಿ ಕೇಳಿದಳು. ಆದರೆ ಪ್ರಮಾಣ ನಿರ್ಧರಿಸುವುದು ಮಾತ್ರ ತಾನೇ ಎಂದು ನೆನಪಿಸಿದಳು.

ಅರ್ಧ ಹೋದ ಮೇಲೆ ಚಳಿಗಾಲದಲ್ಲಿ ನಾನು ಮತ್ತೆ ಸ್ವಲ್ಪ ಮೇಲೇರಿದೆ. ನಸುಕಿನಲ್ಲೆದ್ದು ಹಾಲಿನವನಿಗೆ ಭಾಷಣ ಶುರು ಮಾಡಿದೆ. ಅವನು ನಕ್ಕನೋ ಇಲ್ಲವೋ ನಾನು ನೋಡಲಿಲ್ಲ, ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಅರ್ಧ ಮಾತ್ರೆ ವಾಪಸ್ ಬಂತು, ಆದರೆ ಈ ಸಲ ನುಂಗುವ ಹೊತ್ತು ಬೇರೆ. ಹೀಗೆ ಒಮ್ಮೆ ಹೋಗಿ ಒಮ್ಮೆ ಬಂದು, ನಡುವೆ ರಕ್ತ ಕೊಟ್ಟು ಕೊಟ್ಟು, ಮುಂದಿನ ಬೇಸಿಗೆಯ ಹೊತ್ತಿಗೆ ಒಂದು ಕಡೆ ನಿಂತಿತು. ಬೆರಳಿನ ಸಣ್ಣ ನಡುಕ ಉಳಿಯಿತು. ನಾನು ಅದನ್ನೂ ಬಿಡಲಿಲ್ಲ. ಹೆಂಡತಿ ಚಹಾ ತಂದುಕೊಟ್ಟಾಗ ಕಪ್ಪು-ಬಸಿಯನ್ನು ಗಡಗಡ ಅಲ್ಲಾಡಿಸುತ್ತಿದ್ದೆ, ಅವಳು ಓಡಿ ಬರುತ್ತಿದ್ದಳು, ನಾನು ತಟ್ಟನೆ ನಿಲ್ಲಿಸಿ ಅವಳ ಮುಖ ನೋಡುತ್ತಿದ್ದೆ. "ನಿಮ್ಮ ಕೈ ಮುರಿಲಿ" ಎಂದು ಬೈದು ನಗುತ್ತಿದ್ದಳು. ಲಿಫ್ಟಿನಲ್ಲಿ ಮತ್ತೆ ಚೀಟಿ ಬಂತು. ಮ್ಯಾನೇಜರು ಅದನ್ನು ಹರಿದು ಕೈಯಲ್ಲಿ ಹಿಡಿದು ನಮ್ಮ ಮನೆಗೇ ಬಂದು ಚಹಾ ಕುಡಿದು ಹೋದರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಶ್ರಾವಣ ಬಂತು.

ನಾನು ಆಸ್ಪತ್ರೆಯಲ್ಲಿದ್ದಾಗ ಇವಳು ಮನೆದೇವರಿಗೆ ಹರಕೆ ಹೊತ್ತಿದ್ದಳಂತೆ. ಗಂಡ ಮೊದಲಿನಂತಾದರೆ ಇಬ್ಬರೂ ಒಂದು ಶ್ರಾವಣ ಪೂರ್ತಿ ಸಪ್ಪನೆ ಊಟ ಮಾಡುತ್ತೇವೆ, ಉಪ್ಪು ಮುಟ್ಟುವುದಿಲ್ಲ ಎಂದು. ಉಪ್ಪಿನ ಬಗ್ಗೆ ಡಾಕ್ಟರು ಹೇಳಿದ್ದು ವರ್ಷದಲ್ಲಿ ಮರೆತೇಹೋಗಿತ್ತು, ಇದನ್ನು ಅವಳಿಗೆ ಹೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ದೇವರ ಜೊತೆಗಿನ ಮಾತನ್ನು ಡಾಕ್ಟರ ಮುಂದೆ ಯಾರು ಇಡುತ್ತಾರೆ? ಮೇಲಾಗಿ ಉಪ್ಪು ಕಡಿಮೆ ಮಾಡಿದರೆ ಮೈಗೆ ಒಳ್ಳೆಯದೆಂದು ಬಿಪಿ ಇರುವ ಮನೆಗಳಲ್ಲೆಲ್ಲ ಕೇಳಿದ್ದೆವು.

ನನ್ನನ್ನು ಬಲ್ಲವರು ನಂಬುವುದಿಲ್ಲ, ಆದರೂ ಬರೆಯುತ್ತೇನೆ. ಆ ಶ್ರಾವಣದಲ್ಲಿ ನಾನು ಒಂದು ಹರಳು ಉಪ್ಪನ್ನೂ ಕದ್ದು ತಿನ್ನಲಿಲ್ಲ. ಸಪ್ಪನೆ ಜೋಳದ ರೊಟ್ಟಿ, ಸಪ್ಪನೆ ಬೇಳೆ, ಸಪ್ಪನೆ ಪಲ್ಯ. ಉಪ್ಪಿನಕಾಯಿ ಭರಣಿ ಊಟದ ಮೇಜಿನ ಪಕ್ಕದಲ್ಲೇ ಇತ್ತು, ಹಪ್ಪಳದ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ಆದರೆ ಇವಳು ನನಗಾಗಿ ಹೊತ್ತ ಹರಕೆ. ಒಮ್ಮೆಯಾದರೂ ನೆಟ್ಟಗಿರೋಣ ಎಂದುಕೊಂಡೆ.

ಮೂರನೇ ವಾರದ ಹೊತ್ತಿಗೆ ಹೊಟ್ಟೆ ಕೆಟ್ಟಿತು. ಕಾಲಿಟ್ಟ ಕಡೆ ನೆಲ ಜರುಗಿದಂತಾಗುತ್ತಿತ್ತು. ನಾಲಿಗೆ ದಪ್ಪವಾಗಿ ಮಾತು ತೊದಲಿತು. ಕೈ ನಡುಕ ಬೆರಳಿನಿಂದ ಮುಂಗೈಗೆ ಏರಿತು. ಬೆಳಗಿನ ಚಹಾ ಹೊತ್ತಿನಲ್ಲಿ ಕಪ್ಪು ಬಸಿ ಗಡಗಡ ಅಂದವು. ಇವಳು ಅಡುಗೆಮನೆಯಿಂದಲೇ, "ಸಾಕ್ರೀ ನಾಟಕ, ಶ್ರಾವಣದಾಗಾದ್ರೂ ಬಿಡ್ರಿ," ಅಂದಳು. ಕಪ್ಪು ಕೈಜಾರಿ ಒಡೆಯಿತು. ಆಗಲೂ ಅವಳು ಸೊಂಟಕ್ಕೆ ಕೈಯಿಟ್ಟು ಬಾಗಿಲಿಗೆ ಬಂದು ನಿಂತಳು, ನಾನು ನೋಡಲಿ ಎಂದು ಕಾದಳು. ನಾನು ಚೂರುಗಳನ್ನೇ ನೋಡುತ್ತಿದ್ದೆ.

ಅವಳು ಕೂಡಲೇ ಚಪ್ಪಲಿ ಮೆಟ್ಟಿ ಕೆಳಗೆ ಹೋಗಿ ಆಟೋ ಕರೆತಂದಳು. ಬ್ಯಾಂಕ್ ಮ್ಯಾನೇಜರು ಒಂದು ಕಡೆ, ಇವಳು ಒಂದು ಕಡೆ ಹಿಡಿದು ಇಳಿಸಿದರು. ಲಿಫ್ಟಿನಲ್ಲೇ.

ರಕ್ತದಲ್ಲಿ ಲಿಥಿಯಂ ಬಹಳ ಏರಿತ್ತು. ಮಾತ್ರೆ ನಿಲ್ಲಿಸಿದರು, ಸಲೈನ್ ಹಾಕಿದರು, ಮತ್ತೆ ಮತ್ತೆ ರಕ್ತ ತೆಗೆದರು. ಇನ್ನೂ ತಡವಾಗಿದ್ದರೆ ಕಿಡ್ನಿಗೂ ತಲೆಗೂ ಕಷ್ಟವಿತ್ತು ಎಂದು ಡಾಕ್ಟರು ಮುಚ್ಚಿಡದೆ ಹೇಳಿದಳು. ಮಾತ್ರೆ ಹೆಚ್ಚು ನುಂಗಿದಿರಾ ಎಂದು ಕೇಳಿದಳು, ಇಲ್ಲ. ಬೇರೆ ಔಷಧಿ? ಇಲ್ಲ. ಕೊನೆಗೆ ಊಟದ ವಿಷಯಕ್ಕೆ ಬಂದಾಗ ಇವಳು ಸಣ್ಣ ದನಿಯಲ್ಲಿ ಹರಕೆಯ ಕಥೆ ಹೇಳಿದಳು. ಡಾಕ್ಟರು ಹಣೆ ಹಿಡಿದುಕೊಂಡಳು. ಮೈಗೆ ಉಪ್ಪು ಸಿಗದಿದ್ದರೆ ಕಿಡ್ನಿ ಲಿಥಿಯಂ ಅನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದಂತೆ. ಅದೇ ಮಾತ್ರೆ, ಅದೇ ಪ್ರಮಾಣ, ಉಪ್ಪು ಹೋದ ಕೂಡಲೇ ಹೆಚ್ಚಾಯಿತು.

"ಅಷ್ಟು ದಿನದಲ್ಲಿ ಒಂದ್ ಸಲಾನೂ ಕದ್ದು ತಿನ್ಲಿಲ್ವಾ ಸರ್, ನೀವು?" ಎಂದು ನನ್ನನ್ನೇ ದಿಟ್ಟಿಸಿದಳು.

ನಾನು ಉತ್ತರ ಕೊಡುವ ಮೊದಲೇ ಹೆಂಡತಿ ಅಳತೊಡಗಿದಳು. "ಕದ್ದು ತಿಂತಾರ ಅಂತ ತಿಳದ ಹರಕಿ ಹೊತ್ತಿದ್ನಿರಿ," ಅಂದಳು. "ಭರಣಿ ಕೈಗೆ ಸಿಗೂಹಂಗ ಇಟ್ಟಿದ್ನಿ. ಹಪ್ಪಳದ ಡಬ್ಬಿ ಬಾಯಿ ತೆರದಿಟ್ಟಿದ್ನಿ. ಈ ಮನಷಾ ಮುಟ್ಟೇ ಇಲ್ಲ ನೋಡ್ರಿ."

ನನ್ನ ಸಣ್ಣಪುಟ್ಟ ಕಳ್ಳತನಗಳನ್ನು ದೇವರ ಲೆಕ್ಕಕ್ಕೂ ಸೇರಿಸಿಕೊಂಡವಳು ಇವಳು. ಆಗ ನಗಲು ನನಗೆ ತ್ರಾಣವಿರಲಿಲ್ಲ, ಇದ್ದಿದ್ದರೆ ವಾರ್ಡು ಹಾರಿಹೋಗುವಂತೆ ನಗುತ್ತಿದ್ದೆ.

ನಡುಕ ಇಳಿದ ಮೇಲೆ ಹಳೆಯ ಪ್ರಮಾಣವನ್ನೇ ಮತ್ತೆ ಶುರು ಮಾಡಿದರು. ಅದು ಮೊದಲಿಂದಲೂ ಸರಿಯಾಗಿಯೇ ಇತ್ತು. ಮನೆಗೆ ಕಳಿಸುವಾಗ ಡಾಕ್ಟರು ಎರಡು ಕರಾರು ಹಾಕಿದಳು. ಉಪವಾಸ, ವ್ರತ, ಹರಕೆ ಏನೇ ಇದ್ದರೂ ಮೊದಲು ತನಗೆ ಫೋನ್ ಮಾಡಬೇಕು. ಕೈ ನಡುಗಿಸುವ, ತೂರಾಡುವ ಕಿತಾಪತಿ ಇನ್ನು ಮುಂದೆ ಬಂದ್. ಬೇರೆ ಯಾವುದಕ್ಕೂ ಅಡ್ಡಿಯಿಲ್ಲ. ನನ್ನ ವಿದ್ಯೆಯ ಕಾಲುಭಾಗ ಹೋದಂತಾಯಿತು, ಒಪ್ಪಿದೆ.

ಶ್ರಾವಣದ ಉಳಿದ ದಿನಗಳ ಹರಕೆಯನ್ನು ಇವಳು ಒಬ್ಬಳೇ ತೀರಿಸಲು ಕೂತಳು. "ನಿಮ್ಮ ಪಾಲಿಂದೂ ನಾನ ತಿಂತೀನಿ," ಅಂದಳು. ಮೊದಲ ದಿನ ಮಧ್ಯಾಹ್ನ ಅವಳೆದುರು ಸಪ್ಪನೆ ಬೇಳೆ, ನನ್ನೆದುರು ಮಾವಿನ ಉಪ್ಪಿನಕಾಯಿ. ನಾನು ಹಪ್ಪಳವನ್ನು ಅವಳ ಕಿವಿಯ ಹತ್ತಿರ ಹಿಡಿದು ಕರುಂ ಎಂದು ಮುರಿದೆ. ಆಮೇಲೆ ಅವಳ ಮುಖ ನೋಡಿದೆ.

ಅವಳು ನಗಲಿಲ್ಲ. ರೊಟ್ಟಿ ಮುರಿದಳು, ಬೇಳೆಯಲ್ಲಿ ಅದ್ದಿದಳು, ನಿಧಾನಕ್ಕೆ ಅಗಿದಳು, ನೀರು ಕುಡಿದಳು. ನಾನು ನೋಡುತ್ತಲೇ ಇದ್ದೆ. ಇನ್ನೊಂದು ತುತ್ತು ತಿಂದಳು. ನಾನು ಇನ್ನೂ ನೋಡುತ್ತಿದ್ದೇನೆ ಎಂಬುದನ್ನು ಓರೆಗಣ್ಣಲ್ಲಿ ಖಚಿತ ಮಾಡಿಕೊಂಡ ಮೇಲೆ, ಬಾಯಲ್ಲಿ ತುತ್ತಿಟ್ಟುಕೊಂಡೇ ನಕ್ಕಳು.