ಕೈ ಹಿಡಿದು ಎಳೆದವರು

ಹೋದ ವಾರ ಶಾಲೆಯ ಸ್ಟಾಫ್ ರೂಮಿನಲ್ಲಿ ಗಣಿತದ ಟೀಚರ್ ಒಂದು ಪೊಟ್ಟಣ ಬಿಚ್ಚಿದರು. ಗಲ್ಫಿನಿಂದ ಬಂದ ಅವರ ತಮ್ಮ ತಂದುಕೊಟ್ಟದ್ದಂತೆ. ಅದರೊಳಗಿನ ಪುಡಿಯನ್ನು ಎಣ್ಣೆಯಲ್ಲಿ ಕಲೆಸಿ ಚಪಾತಿಗೆ ಸವರಿ ಎಲ್ಲರಿಗೂ ಒಂದೊಂದು ತುಂಡು ಹಂಚಿದರು. ಒಣಗಿದ ಸೊಪ್ಪು, ಹುರಿದ ಎಳ್ಳು, ಜೊತೆಗೆ ಸ್ವಲ್ಪ ಹುಳಿ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡಗೆನ್ನೆ ಕಾದುಹೋಯಿತು. ಏಳು ವರ್ಷದ ಹಿಂದಿನ ಏಟು ಅದು. ನನ್ನ ಊಟದ ಡಬ್ಬಿ ಮುಚ್ಚಿಟ್ಟು ಎದ್ದು ಹೊರಗೆ ಹೋದೆ.

ಆ ಪುಡಿಯ ಹೆಸರು ಝಾತರ್. ನನಗೆ ಅದನ್ನು ಹೇಳಿಕೊಟ್ಟವರು ಬೇಕರಿ ಮಾಮ.

ಕೊಯಮತ್ತೂರಿನಲ್ಲಿ ನನ್ನ ಗಂಡನ ಮನೆಯಿಂದ ಎರಡು ಬೀದಿ ಆಚೆ ಅವರ ಅಂಗಡಿಯಿತ್ತು. ಬೋರ್ಡಿನ ಮೇಲೆ ಲೆಬನೀಸ್ ಬೇಕರಿ ಎಂದು ಬರೆದಿದ್ದರೂ ಲೆಬನಾನಿನ ನರಪಿಳ್ಳೆಯೂ ಅಲ್ಲಿರಲಿಲ್ಲ. ಮಾಮ ಮೆಟ್ಟುಪಾಳ್ಯಂ ಕಡೆಯ, ಕನ್ನಡ ಮಾತಾಡುವ ನೇಕಾರರ ಮನೆಯವರು. ಮಗ್ಗ ಬಿಟ್ಟು ಬೈರೂತಿಗೆ ಹೋಗಿ, ಇಪ್ಪತ್ತು ವರ್ಷ ಅಲ್ಲಿನ ಬೇಕರಿಯೊಂದರಲ್ಲಿ ಹಿಟ್ಟು ನಾದಿ ಬಂದವರು. ಬಲಗಿವಿ ಅಲ್ಲೇ ಒಂದು ಸ್ಫೋಟದಲ್ಲಿ ಹೋಗಿತ್ತು. ಎರಡೂ ಮುಂಗೈಗಳ ತುಂಬ ಒಲೆಯಿಂದ ಸುಟ್ಟ ಗೆರೆಗಳು. ಅವರು ಹಿಟ್ಟನ್ನು ಎತ್ತಿ ಕಲ್ಲಿನ ಮೇಲೆ ಬಡಿಯುವ ಸದ್ದಿಗೆ ಹೊಸ ಗಿರಾಕಿಗಳು ಬೆಚ್ಚಿ ಬೀಳುತ್ತಿದ್ದರು.

ಬಾಯಿ ಅದಕ್ಕಿಂತ ಜೋರು. ಟೊಮ್ಯಾಟೊ ಸಾಸ್ ಕೇಳಿದ ಕಾಲೇಜು ಹುಡುಗರ ಮುಂದಿನಿಂದ ತಟ್ಟೆಯನ್ನೇ ಕಿತ್ತುಕೊಂಡದ್ದನ್ನು ನಾನೇ ನೋಡಿದ್ದೇನೆ. ಒಬ್ಬ ರಿಟೈರ್ಡ್ ಬ್ಯಾಂಕ್ ಮ್ಯಾನೇಜರು ಜಾಡಿಯಲ್ಲಿದ್ದ ಆಲಿವನ್ನು ನೇರಳೆಹಣ್ಣು ಎಂದುಕೊಂಡು ಬಾಯಿಗೆ ಹಾಕಿ, ಮುಖ ಕಿವುಚಿ, ನೆಲದ ಮೇಲೆ ಉಗಿದರು. ಮಾಮ ಅವರ ಕೈಗೇ ನೆಲ ಒರೆಸುವ ಬಟ್ಟೆ ಕೊಟ್ಟರು. ಅವರು ಒರೆಸಿದರು, ಮಾರನೇ ದಿನ ಮತ್ತೆ ಬಂದರು. ಹೆಂಗಸರೇ ಹೆಚ್ಚು ಬರುತ್ತಿದ್ದ ಅಂಗಡಿ ಅದು. ಅಲ್ಲಿ ಯಾವ ಗಂಡಸೂ ಯಾರನ್ನೂ ದಿಟ್ಟಿಸಿ ನೋಡುವ ಧೈರ್ಯ ಮಾಡುತ್ತಿರಲಿಲ್ಲ.

ನಾನು ಕೊಳ್ಳೇಗಾಲದಿಂದ ಮದುವೆಯಾಗಿ ಬಂದವಳು. ಗಂಡನ ಮನೆಯಲ್ಲೂ ಕನ್ನಡವೇ ಮಾತು, ಅದರಲ್ಲಿ ಅರ್ಧ ತಮಿಳು. ಒಂದು ದಿನ ಅಂಗಡಿಯಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಮಾಮ ಎಡಗಿವಿಯನ್ನು ನನ್ನ ಕಡೆ ತಿರುಗಿಸಿ ಕೇಳಿಸಿಕೊಂಡರು. "ನೀನೂ ನಮ್ಮ ಮಾತೇನ ಅಮ್ಮಣಿ? ಕುಂತ್ಕೊ, ಸೂಡಾ ಒಂದು ರೊಟ್ಟಿ ತಿನ್ನು," ಎಂದರು. ಅವತ್ತಿನಿಂದ ಪ್ರತಿ ಗುರುವಾರ ತರಕಾರಿಗೆಂದು ಹೊರಟು, ಅಲ್ಲಿನ ಮೂಲೆಯ ಮೇಜಿನಲ್ಲಿ ಕುಳಿತು ಝಾತರ್ ಸವರಿದ ಬಿಸಿ ರೊಟ್ಟಿ ತಿಂದು ಬರುತ್ತಿದ್ದೆ. ವಾರದಲ್ಲಿ ನನ್ನದು ಎಂದು ಇದ್ದದ್ದು ಆ ಅರ್ಧ ಗಂಟೆ.

ನನ್ನ ಮಣಿಕಟ್ಟಿನ ನೀಲಿ ಗುರುತುಗಳನ್ನು ಅವರು ನೋಡಿದ್ದರು. "ಬಾಗಿಲು ತಗುಲಿತು ಮಾಮ," ಎಂದಿದ್ದೆ. ಅವರು ಸ್ವಲ್ಪ ಹೊತ್ತು ಹಿಟ್ಟು ಬಡಿದು, "ಆ ಬಾಗಿಲು ಮತ್ತೆ ತಗುಲಿದ್ರೆ ನೇರಾ ಇಲ್ಲಿಗೆ ಓಡಿ ಬಾ," ಎಂದರು. ನಾನು ನಕ್ಕುಬಿಟ್ಟೆ.

ಗಂಡನನ್ನು ಆಗ ಅವರು ಎನ್ನುತ್ತಿದ್ದೆ, ಈಗ ಅವನು ಎನ್ನುತ್ತೇನೆ. ಹೆಂಡತಿ ಒಬ್ಬಳೇ ಅಂಗಡಿಯಲ್ಲಿ ಕುಳಿತು ತಿನ್ನುತ್ತಾಳೆ ಎಂದು ಅವನ ಆಫೀಸಿನವರು ಯಾರೋ ಕಿವಿಗೆ ಹಾಕಿದ್ದರು. ಒಂದು ಗುರುವಾರ ಹನ್ನೊಂದು ಗಂಟೆಗೆ ಬಂದ. ತಲೆಯೆತ್ತುವ ಮೊದಲೇ ಎಡಗೆನ್ನೆಗೆ ಬಿತ್ತು. ಜಡೆ ಹಿಡಿದು ಎಬ್ಬಿಸಿ, ಗಾಜಿನ ಕೌಂಟರಿಗೆ ಹಣೆ ಚಚ್ಚಿದ. ಒಂದು ಸಲ, ಎರಡು ಸಲ... ಮೂರನೆಯದಕ್ಕೆ ಗಾಜು ಸೀಳಿತು. ಮೇಲಿದ್ದ ಆಲಿವ್ ಜಾಡಿ ಉರುಳಿ ಒಡೆಯಿತು. ಸಾಲಿನಲ್ಲಿ ಏಳೆಂಟು ಜನ ಇದ್ದರು. ಯಾರೂ ಮುಂದೆ ಬರಲಿಲ್ಲ. ಕೆಲವರು ಮೊಬೈಲ್ ಎತ್ತಿ ಹಿಡಿದರು.

ಮಾಮ ರೊಟ್ಟಿ ತೆಗೆಯುವ ಉದ್ದ ಹಿಡಿಯ ಮರದ ಹಲಗೆಯೊಂದಿಗೆ ಬಂದರು. ನನ್ನ ಕೈ ಹಿಡಿದು, ರಟ್ಟೆ ಕಿತ್ತು ಬರುವಷ್ಟು ಜೋರಾಗಿ ಕೌಂಟರಿನ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಅವನ ಭುಜಕ್ಕೆ ಬೀಸಿದರು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಸುಳ್ಳು ಯಾಕೆ ಹೇಳಲಿ, ಆ ಸದ್ದು ಕೇಳಿ ನನಗೆ ಸಂತೋಷವಾಯಿತು.

ಅವನು ಕೂಗಾಡುತ್ತ ಹೊರಗೆ ಹೋದ. ಅರ್ಧ ಗಂಟೆಯೊಳಗೆ ನಾಲ್ಕು ಜನ ಗೆಳೆಯರು ಕಬ್ಬಿಣದ ರಾಡು ಹಿಡಿದು ಬಂದರು. ಗಾಜು, ಜಾಡಿ, ಫ್ರಿಜ್ಜು, ಒಂದನ್ನೂ ಬಿಡಲಿಲ್ಲ. ನೆಲದ ಮೇಲೆ ಎಣ್ಣೆ, ಉಪ್ಪುನೀರು, ರಕ್ತ ಕಲೆಸಿಹೋಗಿತ್ತು. ಇಬ್ಬರು ಮಾಮನನ್ನು ಅಲ್ಲಾಡದಂತೆ ಹಿಡಿದರು, ಮೂರನೆಯವನು ಅವರ ಬಲಗೈಯನ್ನು ಒಲೆಯ ಬಾಯಿಯ ಕಾದ ಕಬ್ಬಿಣಕ್ಕೆ ಒತ್ತಿ ಹಿಡಿದ. ಮಾಮ ಕಿರುಚಿದ್ದು... ಅದನ್ನು ಬರೆಯಲಾರೆ. ನಾನು ಹಿಟ್ಟಿನ ಮೂಟೆಗಳ ನಡುವೆ ಕಿವಿ ಮುಚ್ಚಿಕೊಂಡು ಕುಳಿತಿದ್ದೆ.

ಮಧ್ಯಾಹ್ನ ಪೊಲೀಸ್ ಸ್ಟೇಷನ್. ನನ್ನ ಹಣೆಗೆ ಕಟ್ಟು, ಗಂಡನ ತೋಳಿಗೆ ಕಟ್ಟು. ಇನ್ಸ್‌ಪೆಕ್ಟರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. "ಕೈಯ ಪುಡಿಚ್ಚು ಇಳುತ್ತಾನಾಮ್ಮಾ?"

ಕೈ ಹಿಡಿದು ಎಳೆದನೇನಮ್ಮ. ನನಗೆ ಅರ್ಥವಾದದ್ದು ಅಷ್ಟೇ. ನಮ್ಮ ಕಡೆ ಕಷ್ಟದಲ್ಲಿ ಕೈ ಹಿಡಿದರು ಎಂದರೆ ಕಾಪಾಡಿದರು ಎಂದು. ಮಾಮ ಕೈ ಹಿಡಿದದ್ದೂ ನಿಜ, ಎಳೆದದ್ದೂ ನಿಜ, ಅದರಿಂದಲೇ ನಾನು ಬದುಕಿದ್ದೂ ನಿಜ. ಅವರ ಪರವಾಗಿ ಸಾಕ್ಷಿ ಹೇಳುತ್ತಿದ್ದೇನೆ ಎಂದುಕೊಂಡು ಹುಮ್ಮಸ್ಸಿನಿಂದಲೇ ಹೇಳಿದೆ. "ಆಮಾ ಸಾರ್, ಪುಡಿಚ್ಚು ಇಳುತ್ತಾರು." ಪಕ್ಕದಲ್ಲಿದ್ದ ಗಂಡ ತಲೆ ತಗ್ಗಿಸಿದ. ನಗು ಮುಚ್ಚಿಕೊಳ್ಳಲು ಎಂದು ಆಗ ಗೊತ್ತಾಗಲಿಲ್ಲ. ತಮಿಳಿನಲ್ಲಿ ಬರೆದ ಹಾಳೆಯ ಕೆಳಗೆ ಕನ್ನಡದಲ್ಲಿ ಸಹಿ ಹಾಕಿ ಬಂದೆ.

ಮರುದಿನ ಬೆಳಗ್ಗೆ ಅತ್ತೆ ತಮಿಳು ಪೇಪರನ್ನು ಜೋರಾಗಿ ಓದಿದರು. ಅಂಗಡಿಗೆ ಬಂದ ಹೆಂಗಸಿನ ಕೈ ಹಿಡಿದು ಎಳೆದ ಬೇಕರಿ ಮಾಲೀಕ ಜೈಲಿಗೆ, ತಡೆಯಲು ಹೋದ ಗಂಡನ ಮೇಲೂ ಹಲ್ಲೆ. ಓದಿ ಮುಗಿಸಿ, "ಮಾನ ಹೋಗೋ ಮುಂಚ ತಪ್ಪಿಸ್ಕೊಂಡೆ ಬಿಡು," ಎಂದು ನನ್ನ ತಲೆ ಸವರಿದರು. ಆಗ ತಿಳಿಯಿತು. ನಿನ್ನೆ ನನ್ನನ್ನು ಕೇಳಿದ್ದು, ಅವನು ನಿನ್ನ ಮಾನಕ್ಕೆ ಕೈ ಹಾಕಿದನೇ ಎಂದು.

ಸ್ಟೇಷನ್ನಿಗೆ ಮನೆಯಿಂದ ನಡೆದರೆ ಕಾಲು ಗಂಟೆ. ನಾನು ಹೋಗಲಿಲ್ಲ. ಗಂಡನ ಒಂದು ತೋಳಿಗೆ ಕಟ್ಟು ಬಿದ್ದಿದ್ದರೂ ನನ್ನನ್ನು ಹೊಡೆಯಲು ಇನ್ನೊಂದು ತೋಳು ಸಾಕಾಗಿತ್ತು. ನಾಳೆ ಹೋಗುತ್ತೇನೆ ಎಂದುಕೊಂಡೆ. ಮೂರು ವಾರ ಹಾಗೇ ಎಂದುಕೊಂಡೆ. ಮೊಬೈಲಿನ ವೀಡಿಯೊ ಊರೆಲ್ಲ ಸುತ್ತಿತು, ಅದು ಶುರುವಾಗುತ್ತಿದ್ದದ್ದೇ ಮಾಮ ನನ್ನ ಕೈ ಹಿಡಿಯುವಲ್ಲಿಂದ. ವರ್ಷಗಟ್ಟಲೆ ಅವರ ಕೈ ರೊಟ್ಟಿ ತಿಂದ ಹೆಂಗಸರೇ, ನಮಗೆ ಮೊದಲೇ ಅನುಮಾನ ಇತ್ತು ಎಂದರು. ಜಾಮೀನಿನ ಮೇಲೆ ಜೈಲಿನಿಂದ ಬಂದ ಮಾಮನ ಬಲಗೈ ಬೆರಳುಗಳು ಮಡಚಿಕೊಂಡೇ ಉಳಿದವಂತೆ. ಹಿಟ್ಟು ನಾದುವ ಹಾಗಿರಲಿಲ್ಲ. ಅಂಗಡಿ ಮುಚ್ಚಿ ಮೆಟ್ಟುಪಾಳ್ಯಂನಲ್ಲಿದ್ದ ಅಕ್ಕನ ಮನೆಗೆ ಹೋದರೆಂದು ಯಾರೋ ಹೇಳಿದರು.

ಎರಡು ವರ್ಷದ ಮೇಲೆ, ಮುಂದಿನ ಎರಡು ಹಲ್ಲು ಮುರಿದ ದಿನ, ಆ ಮನೆ ಬಿಟ್ಟು ಬಂದೆ. ತಮಿಳು ಅಕ್ಷರ ಕಲಿತೆ, ಟೀಚರ್ ಆದೆ. ಇಷ್ಟೆಲ್ಲ ಮಾಡಿದವಳು ಮೆಟ್ಟುಪಾಳ್ಯಂ ಬಸ್ಸು ಹತ್ತಿದ್ದು ಮೊನ್ನೆ ಭಾನುವಾರ.

ಬಾಗಿಲು ತೆರೆದದ್ದು ಮಾಮನ ಅಕ್ಕ. ತಮ್ಮ ಹೋದ ವರ್ಷವೇ ತೀರಿಹೋದ ಎಂದರು. ಕೇಸು ಮುಗಿದಿರಲಿಲ್ಲ, ನನ್ನನ್ನು ಸಾಕ್ಷಿಗೆ ಕರೆಯುವ ಹಂತಕ್ಕೆ ಅದು ಬಂದೇ ಇರಲಿಲ್ಲ. ಒಳಗೆ ಕೂರಿಸಿ ಕಾಫಿ ಕೊಟ್ಟು, ಕೇಳದೆಯೇ ಹೇಳಿದರು. "ಆ ಹುಡುಗಿನ ನಾ ಬೈದ್ರೆ ಅವನಿಗ ಕೋಪ ಬರ್ತಿತ್ತು. ಆ ಹುಡುಗಿಗ ತಮಿಳು ಸರಿಯಾ ಬರಲ್ಲ ಅಕ್ಕ, ಗೊತ್ತಿಲ್ಲದೆ ಹೇಳ್ಬಿಟ್ಟದ, ಅರ್ಥ ಆದ್ರೆ ಓಡಿ ಬಂದು ಸರಿ ಹೇಳ್ತದ ಅಂತಿದ್ದ. ಕೋರ್ಟ್‌ಗ ಹೋದಾಗೆಲ್ಲ ಬಾಗಿಲನ್ನೇ ನೋಡ್ಕೊಂಡು ಕುಂತಿರ್ತಿದ್ದ." ಆಮೇಲೆ ನನ್ನ ಮುಖ ನೋಡಿ ಕೇಳಿದರು. "ನೀ ಯಾರು ಅಮ್ಮಣಿ?"

"ಗಿರಾಕಿ," ಎಂದೆ. ಕಾಫಿ ಕುಡಿದು ಎದ್ದು ಬಂದೆ.

ಗೊತ್ತಿಲ್ಲದೆ ಹೇಳಿದ್ದು ಒಂದು ದಿನದ ಮಟ್ಟಿಗೆ ನಿಜ. ಉಳಿದ ಏಳು ವರ್ಷ ಎಲ್ಲ ಗೊತ್ತಿದ್ದೂ ಸುಮ್ಮನಿದ್ದೆ. ಅದನ್ನು ಇಲ್ಲಿ ಮೊದಲ ಸಲ ಒಪ್ಪಿಕೊಳ್ಳುತ್ತಿದ್ದೇನೆ. ಆದರೆ ಆ ಅಕ್ಕನ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಅದನ್ನು ಓದಲು ಒಬ್ಬರಿಗೂ ಬರುವುದಿಲ್ಲ, ಓದುವುದು ತಮಿಳು ಮಾತ್ರ. ತಮಿಳಿನಲ್ಲಿ ಬರೆಯಲು ಈಗ ನನಗೆ ಚೆನ್ನಾಗಿಯೇ ಬರುತ್ತದೆ. ಆದರೂ ಕನ್ನಡದಲ್ಲೇ ಬರೆದೆ.