ಸಾಗವಾನಿ ತುಂಡಿಗೆ ಬಣ್ಣ ಬಳಿದವರು

ನನ್ನ ಮೊಮ್ಮಗಳು ಭಾಲ್ಕಿಯಲ್ಲಿ ಏಳನೆಯ ತರಗತಿ. ಸಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಸಣ್ಣ ಮಕ್ಕಳಿಗೆ ಹಳೆಯ ಕಾಲದ ಮಳೆಯ ಗುರುತು ತೋರಿಸುವ ಕೆಲಸ ಆಕೆಯದು. ಅದಕ್ಕೆಂದೇ ಔರಾದದ ನಮ್ಮ ಹೊಲದಲ್ಲಿ ಗಾಳಿಗೆ ಬಿದ್ದಿದ್ದ ಸಾಗವಾನಿ ಮರದಿಂದ ಬಿಲ್ಲೆಯಂಥ ತುಂಡು ಕೊಯ್ಸಿ, ಎರಡೂ ಮಗ್ಗುಲು ಉಜ್ಜಿಸಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ತಂದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದ. ಹರಿಯಲಿ.

ತುಂಡಿನ ಮೇಲೆ ಉಂಗುರದೊಳಗೆ ಉಂಗುರ, ವರ್ಷಕ್ಕೊಂದು.

"ಅಗಲ ಇದ್ದದ್ದು ಚಲೋ ಮಳಿ ಬಂದ ವರ್ಷ, ಮುತ್ಯಾ. ಸಣ್ಣದಿದ್ರ ಮಳಿ ಕಮ್ಮಿ. ವಿಜ್ಞಾನಿಗಳು ಗಿಡಾ ಕಡಿಯಲ್ಲ, ಕೊಳವಿ ತೂರಿಸಿ ಪೆನ್ಸಿಲಿನಷ್ಟೇ ಕಟ್ಟಿಗಿ ತಗೀತಾರ," ಎಂದಳು.

ನಾಲ್ಕನೆಯ ಇಯತ್ತೆಗೇ ಪಾಟಿ, ಸಾಲೆ ಎರಡೂ ಬಿಟ್ಟವನು ನಾನು. ಆ ಮರದ ನೆರಳಲ್ಲಿ ಎಷ್ಟೋ ಬುತ್ತಿ ಉಂಡಿದ್ದೆ, ಒಳಗೆ ಮಳೆಯ ಗುರುತಿದೆಯೆಂದು ಯಾರೂ ಹೇಳಿರಲಿಲ್ಲ. ನನ್ನ ಕೂಸು ಹೇಳಿತು! ಓಣಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳಿದೆ.

ಪ್ರದರ್ಶನದ ದಿನ ಹೋಗಿ ನೋಡಿದರೆ ಹುಡುಗಿ ಅಳುತ್ತಿದ್ದಾಳೆ. ಬೀದರದಿಂದ ಸಾಹೇಬರು ಬರುತ್ತಾರೆಂದು ಹೆಡ್‌ಮಾಸ್ತರರು ತುಂಡಿಗೆ ಕೆಂಪು ಪೇಂಟ್ ಬಳಿಸಿ, ಸುತ್ತ ಬಿಳಿ ಚುಕ್ಕೆ ಇಡಿಸಿ, ಮೇಲೆ ಪ್ಲಾಸ್ಟಿಕ್ ಹೂವಿನ ಹೂದಾನಿ ಕೂರಿಸಿದ್ದರು. ಹೆಸರಿನ ಮುಂದೆ ಗೇಣುದ್ದ ಡಿಗ್ರಿ ಇರುವವರು!

"ಹಳೀ ಕಟ್ಟಿಗಿ ಕಂಡಂಗ ಕಾಣ್ತಿತ್ರಿ ಯಜಮಾನ್ರ. ಈಗ ಹ್ಯಾಂಗ ಹೊಳೀತದ ನೋಡ್ರಿ," ಎಂದರು ಮಾಸ್ತರರು.

"ಹೊಳೀತದ್ರಿ ಸರ್, ನಿಮ್ಮ ತಲೀ ಹೊಳದಂಗ. ಒಳಗೇನದ ಅಂಬೋದು ಮಾತ್ರ ಕಾಣಲ್ದು. ಹುಡುಗಿ ಏನ್ ತೋರಸ್ಬೇಕ್ರಿ?"

"ಚಾರ್ಟ್ ಬರಸೀನಲ್ರಿ."

ಚಾರ್ಟನ್ನೂ ನೋಡಿದೆ. ಕಂಪಾಸು ಹಿಡಿದು ಉಂಗುರ ಎಳೆಸಿದ್ದರು, ಎಲ್ಲವೂ ಒಂದೇ ಅಗಲ. ಇವರ ಸಾಲೆಯಲ್ಲಿ ಮಳೆಯೂ ವರ್ಷ ವರ್ಷ ಒಂದೇ ಸಮ ಹಾಜರಿ ಹಾಕಿ ಹೋಗುತ್ತಿತ್ತೇನೋ!

ಅಷ್ಟರಲ್ಲಿ ಹುಡುಗಿ ಬಗ್ಗಿ ತುಂಡಿನ ಅಂಚು ತುಸು ಎತ್ತಿ ಅಡಿಗೆ ಇಣುಕಿ ಚೀರಿದಳು: "ಮುತ್ಯಾ, ತೆಳಗ ಬಳದಿಲ್ಲ!"

ಎಲ್ಲಿ ಬಳಿದಾರು? ಸಾಹೇಬರ ಕಣ್ಣಿಗೆ ಬೀಳುವ ಕಡೆಯಷ್ಟೇ ಬಣ್ಣ ಕಾಣುವ ಸಾಲೆ ಅದು, ಹಿಂದಿನ ಗೋಡೆ ನೋಡಿದರೆ ಗೊತ್ತಾಗುತ್ತದೆ. ಅವರ ಆ ಮೈಗಳ್ಳತನವೇ ನಮ್ಮ ಪಾಲಿಗೆ ದೇವರಾಯಿತು. ಹೂದಾನಿ ಎತ್ತಿ ಮಾಸ್ತರರ ಕೈಗೆ ಕೊಟ್ಟೆ, ತುಂಡನ್ನು ಬೋರಲು ಹಾಕಿದೆ. ಆಕೆ ತನ್ನ ಬಾಟಲಿಯ ನೀರು ಚಿಮುಕಿಸಿದಳು. ಉಂಗುರಗಳೆಲ್ಲ ಎದ್ದು ಕಂಡವು.

ಮಕ್ಕಳು ಮುತ್ತಿಕೊಂಡರು. ಒಂದು ಪುಟ್ಟ ಹುಡುಗಿ ಸಣ್ಣ ಉಂಗುರದ ಮೇಲೆ ಬೆರಳಿಟ್ಟು ಕೇಳಿದಳು: "ಅಕ್ಕಾ, ಈ ವರ್ಷ ಗಿಡಕ್ಕ ನೀರಡಿಕಿ ಆಗಿತ್ತಾ?"

"ಹೌದು, ಭಾಳ ಆಗಿತ್ತು," ಎಂದಳು ನನ್ನ ಮೊಮ್ಮಗಳು, ಇನ್ನೂ ಹಸಿಯಿದ್ದ ಕೆನ್ನೆಯಲ್ಲೇ ನಗುತ್ತ. ನನ್ನ ಕಣ್ಣು ತುಂಬಿತು.

ಸಾಹೇಬರು ಬಂದಾಗಲೂ ಮಾಸ್ತರರು ಹೂದಾನಿ ಹಿಡಿದೇ ನಿಂತಿದ್ದರು. ಹಿಡಿದುಕೊಳ್ಳಲು ನನ್ನ ಕಡೆ ಚಾಚಿದರು. ನಾನು ನೋಡಲೇ ಇಲ್ಲ.