ಸೂಜಿ ಹೋದ ಜಾಗ

೧೯೬೪ರ ಫೆಬ್ರವರಿಯಲ್ಲಿ ನನ್ನ ತಮ್ಮ ಬಸವರಾಜನ ಎಡ ಮೊಣಕಾಲಿನ ಕೆಳಗೆ, ಎಲುಬಿನಲ್ಲಿ, ಟ್ಯೂಮರ್ ಇರಬಹುದೆಂದು ಶಿರಸಿಯ ಡಾಕ್ಟರು ಹೇಳಿದರು. ಅವನಿಗೆ ಇಪ್ಪತ್ತಾರು ವರ್ಷ. ಯಲ್ಲಾಪುರದಲ್ಲಿ ದಿಮ್ಮಿ ಸಾಗಿಸುವ ಲಾರಿಯ ಡ್ರೈವರ್. ಎಡಗಾಲು ಕ್ಲಚ್ ತುಳಿಯುವ ಕಾಲು.

ನೋವು ದೀಪಾವಳಿಯ ಹೊತ್ತಿಗೇ ಶುರುವಾಗಿತ್ತು. ಘಟ್ಟದ ತಿರುವುಗಳಲ್ಲಿ ಗೇರ್ ಬದಲಿಸಿ ಕಾಲು ಹಿಡಿದಿದೆ ಎಂದುಕೊಂಡ. ಸಂಕ್ರಾಂತಿಗೆ ಬನವಾಸಿ ಹತ್ತಿರದ ನಮ್ಮೂರಿಗೆ ಬಂದಾಗ ಕುಂಟುತ್ತಿದ್ದ. ಅವ್ವ ಮೊಣಕಾಲಿನ ಕೆಳಗೆ ಎದ್ದಿದ್ದ ಗಂಟು ಮುಟ್ಟಿ ನೋಡಿ, ತನಗೆ ಗೊತ್ತಿದ್ದ ಔಷಧ ಮಾಡಿದಳು. ಗುಣವಾಗಲಿಲ್ಲ. ನಾನು ಶಿರಸಿಗೆ ಕರೆದುಕೊಂಡು ಹೋದೆ.

ಅಲ್ಲಿ ಒಂದೇ ಎಕ್ಸ್‌ರೇ ತೆಗೆದರು, ಮುಂದಿನಿಂದ. ಡಾಕ್ಟರು ಫಿಲ್ಮನ್ನು ಕಿಟಕಿಗೆ ಹಿಡಿದು ತೋರಿಸಿದರು. ಎಲುಬಿನೊಳಗೆ ಗೋಲಿಯಷ್ಟು ಕಪ್ಪು ಕುಳಿ. ಅದರ ಸುತ್ತ ಚದುರಿದ ಬಿಳಿ ಚುಕ್ಕೆಗಳು.

"ಕುಳಿ ಮಾತ್ರ ಇದ್ದಿದ್ರೆ ಬೇರೆ ಎಂತಾದ್ರೂ ಇರಬಹುದು ಅಂತಿದ್ದೆ. ಈ ಚುಕ್ಕೆ ನೋಡಿ, ಎಲುಬು ಹೊರಗೆ ಬೆಳೀತಾ ಇದ್ದ ಹಾಗೆ ಕಾಣ್ತದೆ. ಹುಬ್ಬಳ್ಳಿಗೆ ಹೋಗಿ. ತಡ ಮಾಡಬೇಡಿ."

ಅವ್ವನೂ ಜೊತೆಗೆ ಹೊರಟಳು. ಹುಬ್ಬಳ್ಳಿಯ ಸರ್ಜನ್ ಅದೇ ಫಿಲ್ಮ್ ನೋಡಿದರು. ಸುತ್ತಿ ಬಳಸಿ ಹೇಳಲಿಲ್ಲ.

ತೊಡೆಯವರೆಗೆ ಕಾಲು ತೆಗೆಯಬೇಕಾಗಬಹುದು.

ಬಸವರಾಜ ತನ್ನ ಎರಡೂ ಕಾಲು ನೋಡಿಕೊಂಡ. "ಬಲಗಾಲ ತಗೀರಿ ಸಾಹೇಬ್ರ," ಎಂದ. "ನಮ್ಮ ಗಾಡಿ ಬ್ರೇಕ್ ಹ್ಯಾಂಗೂ ಹಿಡ್ಯಾಂಗಿಲ್ಲ. ಕ್ಲಚ್ ಇಲ್ದ ಮಾತ್ರ ನಡ್ಯಾಂಗಿಲ್ಲ."

ಸರ್ಜನ್ ನಗಲಿಲ್ಲ. ಮೊದಲು ದಪ್ಪ ಸೂಜಿ ಹಾಕಿ ಒಳಗಿನ ಒಂದು ಚೂರು ತೆಗೆದು ಪರೀಕ್ಷಿಸಬೇಕು, ಅದು ಬಯಾಪ್ಸಿ, ಎಂದರು.

ಮರುದಿನ ಸೂಜಿ ಹಾಕುವ ಮುನ್ನ ಅವರು ಸ್ಪಿರಿಟ್ ಹತ್ತಿಯಿಂದ ಗಂಟಿನ ಮೇಲೆ ಒರೆಸಿದರು. ಹತ್ತಿಗೆ ಕಂದು ಬಣ್ಣದ ಗಸಿ ಹತ್ತಿತು. ಮತ್ತೆ ಒರೆಸಿದರು. ಸಣ್ಣ ಬಿಳಿ ಹರಳುಗಳು ಉದುರಿದವು.

"ಏನಿದು?"

ಬಾಗಿಲಲ್ಲಿ ನಿಂತಿದ್ದ ಅವ್ವ ಹೇಳಿದಳು: "ಸುಣ್ಣಾ ಬೆಲ್ಲಾ ಕಲಸಿ ಹಚ್ಚೇನ್ರಿ. ಬಾವು ಇಳೀಲಿ ಅಂತ."

"ಯಾವಾಗಿಂದ?"

"ಸಂಕ್ರಾಂತಿಯಿಂದ್ರಿ. ನಿನ್ನೆನೂ ಹಚ್ಚೇನ್ರಿ. ಯಾಕ್ರಿ, ಕಡಿಮಿ ಆಗೇತೇನ್ರಿ?"

ಸರ್ಜನ್ ಸೂಜಿ ಕೆಳಗಿಟ್ಟರು. ಸಾಬೂನು ಹಚ್ಚಿ ಕಾಲು ತೊಳೆಸಿದರು. ಬೆಲ್ಲದ ಬಣ್ಣ ಚರ್ಮದ ಬಣ್ಣದೊಳಗೆ ಸೇರಿಹೋಗಿದ್ದರಿಂದ ಶಿರಸಿಯಲ್ಲಿ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಎಕ್ಸ್‌ರೇಯಲ್ಲಿ ಸುಣ್ಣವೂ ಎಲುಬಿನಂತೆ ಬೆಳ್ಳಗೆ ಕಾಣುತ್ತದೆ, ಒಂದೇ ಕಡೆಯಿಂದ ತೆಗೆದರೆ ಅದು ಚರ್ಮದ ಮೇಲಿದೆಯೋ ಒಳಗಿದೆಯೋ ತಿಳಿಯುವುದಿಲ್ಲ, ಎಂದು ಸರ್ಜನ್ ನನಗೆ ವಿವರಿಸಿದರು. ಈ ಸಲ ಮುಂದಿನಿಂದ ಒಂದು, ಪಕ್ಕದಿಂದ ಒಂದು ಫಿಲ್ಮ್ ತೆಗೆಸಿದರು.

ಬಿಳಿ ಚುಕ್ಕೆಗಳು ಇರಲಿಲ್ಲ.

ಕಪ್ಪು ಕುಳಿ ಇತ್ತು.

ಸೂಜಿ ಹಾಕಲೇಬೇಕಾಯಿತು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರೂ ಎಲುಬಿನೊಳಗೆ ಸೂಜಿ ತಿರುಗುವಾಗ ಬಸವರಾಜ ನನ್ನ ಮುಂಗೈ ಹಿಡಿದಿದ್ದ. ಮೊದಲ ಸಲ ಬರೀ ರಕ್ತ ಬಂತು. ಅದರಿಂದ ಏನನ್ನೂ ಹೇಳಲಾಗದು ಎಂದು ವರದಿ ಬಂತು. ಕೆಲವು ದಿನ ಬಿಟ್ಟು ಮತ್ತೆ ಹಾಕಿದರು. ಒಂದು ಚೂರು ಸಿಕ್ಕಿತು. ಅದರಲ್ಲಿ ಸೋಂಕಿನ ಲಕ್ಷಣಗಳಿವೆ, ಕ್ಯಾನ್ಸರ್ ಕಣಗಳು ಕಂಡಿಲ್ಲ, ಎಂದು ವರದಿ ಹೇಳಿತು.

ಅವ್ವ ಕೈ ಮುಗಿದಳು. ಸರ್ಜನ್ ತಡೆದರು.

"ಸೂಜಿ ಹೋದ ಜಾಗದಾಗ ಇಲ್ಲ. ಅಷ್ಟ ಹೇಳಬಹುದು. ಬಾಜೂಕ ಏನೈತಿ ಅನ್ನೂದು ಸೂಜಿಗೆ ಗೊತ್ತಾಗೂದಿಲ್ಲ ತಾಯಿ."

ಆ ರಾತ್ರಿಯಿಡೀ ನಾನು ಇದನ್ನೇ ಯೋಚಿಸಿದೆ. ಇಡೀ ಕಾಲನ್ನು ತೋರಿಸಿದ ಫಿಲ್ಮ್ ಕೊಟ್ಟದ್ದು ನೆರಳು. ನಿಜವಾದ ಮಾಂಸವನ್ನೇ ಹೊರತಂದ ಸೂಜಿಗೆ ಸಿಕ್ಕಿದ್ದು ಅಕ್ಕಿಕಾಳಿನಷ್ಟು, ಅದೂ ಎರಡನೇ ಸಲ. ಈ ಎರಡನ್ನು ನಂಬಿ ಒಬ್ಬ ಡ್ರೈವರನ ಕಾಲು ಇಡಬೇಕೋ ತೆಗೆಯಬೇಕೋ ತೀರ್ಮಾನಿಸಬೇಕಿತ್ತು.

ಎಲುಬು ತೆರೆದು ಕಣ್ಣಾರೆ ನೋಡುವುದೊಂದೇ ಉಳಿದ ದಾರಿ ಎಂದು ಸರ್ಜನ್ ಹೇಳಿದರು. ಕೆಟ್ಟದ್ದು ಕಂಡರೆ ಅದೇ ಸಲ ಕಾಲು ತೆಗೆಯಲು ಒಪ್ಪಿಗೆ ಕೇಳಿದರು.

ನಾನು ಬಸವರಾಜನ ಮುಖ ನೋಡಿದೆ.

"ತೆರದು ನೋಡ್ರಿ," ಎಂದ. "ಕೆಟ್ಟದ್ದಿದ್ರ ಹೊಲಿಗಿ ಹಾಕಿ ಎಬ್ಬಿಸ್ರಿ, ಆಮ್ಯಾಲೆ ಕೇಳ್ರಿ. ನಿದ್ದ್ಯಾಗಿದ್ದಾಗ ಮಾತ್ರ ತಗೀಬ್ಯಾಡ್ರಿ."

ಸರ್ಜನ್ ಯೋಚಿಸಿ, ಆಗಲಿ ಎಂದರು.

ಆಪರೇಷನ್ ಮುಗಿದು ಹೊರಗೆ ತಂದಾಗ ಕಂಬಳಿಯನ್ನು ಅವನ ಎದೆಯವರೆಗೂ ಹೊದಿಸಿದ್ದರು. ಎಚ್ಚರವಾದ ಕೂಡಲೇ ಮಾತಾಡಿದ.

"ಅಣ್ಣಾ, ಬೆರಳ ಆಡಸ್ತೇನಿ. ಆಡ್ತಾವೇನ ನೋಡ."

ಕಂಬಳಿಯ ತುದಿ ಎತ್ತಿದೆ.

ಆಡಿದವು.

"ಎಡಗಾಲಿನವೇನ?"

"ಹೌದೋ, ಎಡಗಾಲಿನವ."

ಕುಳಿಯಲ್ಲಿದ್ದದ್ದು ಹಳೆಯ ಕೀವು. ಕೆರೆದು ತೆಗೆದ ಅಷ್ಟನ್ನೂ ಪರೀಕ್ಷೆಗೆ ಕಳಿಸಿದ್ದರು. ಕ್ಯಾನ್ಸರ್ ಸಿಗಲಿಲ್ಲ. ಇಂಜೆಕ್ಷನ್‌ಗಳು ಬಹಳ ದಿನ ನಡೆದವು. ಮಳೆಗಾಲವನ್ನು ಅವನು ಊರಲ್ಲೇ ಕಳೆದ. ಅವ್ವ ಅವನ ಕಾಲು ಮುಟ್ಟುವುದನ್ನೇ ಬಿಟ್ಟಿದ್ದಳು; ದೂರದಿಂದಲೇ ನೋಡಿ, "ನೋಯ್ತೈತೇನೋ?" ಎಂದು ಕೇಳುತ್ತಿದ್ದಳು. "ಸುಣ್ಣಾ ತರ್ತಿ ಏನಬೇ?" ಎಂದು ಅವನು ಕಾಡುತ್ತಿದ್ದ.

ಅಕ್ಟೋಬರ್‌ನಲ್ಲಿ ತೆಗೆದ ಫಿಲ್ಮ್‌ನಲ್ಲಿ ಕುಳಿ ಅರ್ಧದಷ್ಟು ತುಂಬಿತ್ತು. ನವೆಂಬರ್‌ನಲ್ಲಿ ಬಸವರಾಜ ದಿಮ್ಮಿ ತುಂಬಿದ ಲಾರಿಯನ್ನು ಅರಬೈಲ್ ಘಟ್ಟ ಇಳಿಸಿ ಅಂಕೋಲೆಗೆ ಮುಟ್ಟಿಸಿದ. ಮುಂದಿನ ಎಕ್ಸ್‌ರೇ ಬರುವ ಫೆಬ್ರವರಿಯಲ್ಲಿದೆ. ಕಾಲು ತೊಳೆದುಕೊಂಡು ಬರಬೇಕೆಂದು ಸರ್ಜನ್ ಹೇಳಿದ್ದಾರೆ.